ಪೀಣ್ಯದ ಮಸಿ ಎಲ್ಲಿಂದ ಬರುತ್ತದೆ? ಪತ್ತೆ ಹಚ್ಚುವುದು ಹೀಗೆ

ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯ, ಪಕ್ಕದ ದಾಸರಹಳ್ಳಿ ಕಡೆ ಮನೆ ಇರುವವರಿಗೆ ಕಿಟಕಿ ಸರಳಿನ ಮೇಲೆ ಕೂರುವ ಕಪ್ಪು ಪುಡಿ ಹೊಸದೇನಲ್ಲ. ಕೇಳಿದರೆ ಎಲ್ಲರೂ ‘ಫ್ಯಾಕ್ಟರಿ ಹೊಗೆ’ ಅನ್ನುತ್ತಾರೆ. ಆದರೆ ಯಾವ ಹೊಗೆ? ತುಮಕೂರು ರಸ್ತೆಯ ಲಾರಿಯದೋ, ಕರೆಂಟು ಹೋದಾಗ ಶುರುವಾಗುವ ಡೀಸೆಲ್ ಜನರೇಟರಿನದೋ, ಸೌದೆ ಬಾಯ್ಲರಿನದೋ, ಮೂಲೆಯಲ್ಲಿ ಸುಡುವ ಕಸದ್ದೋ? ಇದು ಗೊತ್ತಿಲ್ಲದೆ ದೂರು ಕೊಟ್ಟರೆ ಯಾರನ್ನೂ ಹಿಡಿದು ಕೇಳಲು ಆಗುವುದಿಲ್ಲ.

ಕಿಟಕಿಯ ಪುಡಿಗಿಂತ ಕಣ್ಣಿಗೆ ಕಾಣದ ಕಣಗಳೇ ಹೆಚ್ಚು ಅಪಾಯ. 2.5 ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್) ಸಣ್ಣದಾದ ಇವುಗಳನ್ನು ಪಿಎಂ 2.5 ಎನ್ನುತ್ತಾರೆ. ಇವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಇವುಗಳಲ್ಲಿ ಇಂಗಾಲದ ಪಾಲು ದೊಡ್ಡದು, ಅದರಲ್ಲೂ ಎರಡು ಬಗೆ. ಒಂದು, ಅಪ್ಪಟ ಕಪ್ಪು ಮಸಿ. ಡೀಸೆಲ್ ಹೊಗೆಯಲ್ಲಿ ಇದೇ ಜಾಸ್ತಿ. ಇನ್ನೊಂದು, ಸಾವಯವ ಇಂಗಾಲ. ಸೌದೆ, ಎಲೆ, ಕಸ ಅರೆಬರೆ ಸುಟ್ಟಾಗ ಇದು ಹೆಚ್ಚು. ಪೇಂಟ್, ತಿನ್ನರ್, ಪೆಟ್ರೋಲಿನ ಆವಿಯೂ ಬಿಸಿಲಿಗೆ ಬದಲಾಗಿ ಇಂಥ ಕಣವಾಗುತ್ತದೆ. ಅಂದರೆ ಚಿಮಣಿಯೇ ಇಲ್ಲದ ಪೇಂಟಿಂಗ್ ಶೆಡ್ಡೂ ಲೆಕ್ಕಕ್ಕೆ ಬರುತ್ತದೆ.

1. ಗಂಟೆಗಂಟೆಯ ಅಂಕಿ ತೆಗೆಯಿರಿ

ಮೊಬೈಲಿನಲ್ಲಿ ಕಾಣುವ ಎಕ್ಯೂಐ, ಅಂದರೆ ಗಾಳಿ ಗುಣಮಟ್ಟದ ಸೂಚ್ಯಂಕ, ಇದಕ್ಕೆ ಸಾಲದು. ಪಿಎಂ 2.5ರ ಮಟ್ಟಿಗೆ ಅದು 24 ಗಂಟೆಯ ಸರಾಸರಿ. ರಾತ್ರಿ ಎರಡು ಗಂಟೆ ಹೊತ್ತು ದಟ್ಟ ಹೊಗೆ ಬಂದರೂ ಅದರಲ್ಲಿ ಕರಗಿಹೋಗುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ಪೀಣ್ಯ ಮಾಪನ ಕೇಂದ್ರವನ್ನು ಆರಿಸಿ, ಒಂದು ತಿಂಗಳ ಗಂಟೆವಾರು ಅಂಕಿ ಇಳಿಸಿಕೊಳ್ಳಿ. ಪಿಎಂ 2.5ಕ್ಕೆ ನಮ್ಮ ದೇಶದ ಮಿತಿ, ದಿನದ ಸರಾಸರಿಯಲ್ಲಿ, ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಬರೀ 15. ಹಾಗಾಗಿ ‘ಮಿತಿಯೊಳಗಿದೆ’ ಎಂಬ ಮಾತಿಗೆ ಸುಮ್ಮನಾಗಬೇಡಿ.

2. ಜೊತೆಗೆ ಏರಿದ್ದು ಯಾವುದು ನೋಡಿ

ಮುಖ್ಯ ಹೆಜ್ಜೆ ಇದೇ. ಪಿಎಂ 2.5 ಏರಿದ ಗಂಟೆಯಲ್ಲಿ ಪಕ್ಕದ ಕಾಲಂಗಳನ್ನು ಓದಿ. ನೈಟ್ರೋಜನ್ ಡೈಆಕ್ಸೈಡ್ ಕೂಡ ಏರಿದ್ದರೆ ವಾಹನ ಅಥವಾ ಜನರೇಟರ್ ಮೇಲೆ ಅನುಮಾನ. ಅದು ಅಷ್ಟೇನೂ ಏರದೆ ಕಾರ್ಬನ್ ಮೊನಾಕ್ಸೈಡ್ ಏರಿದ್ದರೆ ಸೌದೆ, ಕಸ ಸುಟ್ಟಿರಬಹುದು. ಸಲ್ಫರ್ ಡೈಆಕ್ಸೈಡ್ ಏರಿದ್ದರೆ ಕಲ್ಲಿದ್ದಲು, ಫರ್ನೇಸ್ ಆಯಿಲ್ (ಬಾಯ್ಲರ್, ಕುಲುಮೆಗಳಲ್ಲಿ ಉರಿಸುವ ಮಂದ ಎಣ್ಣೆ) ಕಡೆ ನೋಡಬೇಕು. ಪಿಎಂ 10 (10 ಮೈಕ್ರಾನ್‌ವರೆಗಿನ ಕಣ) ಮಾತ್ರ ವಿಪರೀತ ಏರಿದ್ದರೆ ಅದು ಬಹುಪಾಲು ರಸ್ತೆಯ, ಕಟ್ಟಡ ಕೆಲಸದ ದೂಳು. ನಾವು ಹುಡುಕುತ್ತಿರುವ ಇಂಗಾಲ ಅಲ್ಲ. ಇವೆಲ್ಲ ಸುಳಿವುಗಳೇ, ತೀರ್ಪಲ್ಲ.

ಒಂದು ಎಚ್ಚರಿಕೆ. ಚಳಿಗಾಲದ ರಾತ್ರಿ, ಮುಂಜಾನೆ ಅಂಕಿ ಏರಿದ ಮಾತ್ರಕ್ಕೆ ಹೊಗೆ ಬಿಟ್ಟಿದ್ದೇ ಹೆಚ್ಚು ಅಂತಲ್ಲ. ನೆಲ ತಣ್ಣಗಾದಾಗ ಹೊಗೆ ಮೇಲೇರದೆ, ಪಾತ್ರೆಗೆ ಮುಚ್ಚಳ ಹಾಕಿದಂತೆ ಕೆಳಗೇ ನಿಲ್ಲುತ್ತದೆ. ಅದಕ್ಕೇ ಮುಂಜಾನೆಯನ್ನು ಮುಂಜಾನೆಯ ಜೊತೆಗೇ ಹೋಲಿಸಿ. ಕಾರ್ಖಾನೆಗಳ ವಾರದ ರಜೆಯ ದಿನ, ಕೆಲಸದ ದಿನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ದೀಪಾವಳಿಯ ದಿನಗಳನ್ನು ಬಿಟ್ಟುಬಿಡಿ. ಪಟಾಕಿ ಲೆಕ್ಕ ಕೆಡಿಸುತ್ತದೆ.

3. ಗಾಳಿ ಬಂದ ದಿಕ್ಕು

ಅಂಕಿಗಳಲ್ಲಿ ಗಾಳಿಯ ದಿಕ್ಕು ಡಿಗ್ರಿಯಲ್ಲಿರುತ್ತದೆ. 270 ಎಂದರೆ ಗಾಳಿ ಪಶ್ಚಿಮದಿಂದ ಬಂತು ಎಂದು, ಪಶ್ಚಿಮಕ್ಕೆ ಹೋಯಿತು ಎಂದಲ್ಲ. ಹೊಗೆ ಏರಿದ ಗಂಟೆಗಳಲ್ಲೆಲ್ಲ ಗಾಳಿ ಒಂದೇ ಕಡೆಯಿಂದ ಬಂದಿದ್ದರೆ ಆ ಕಡೆ ಒಂದು ಸುತ್ತು ಹೋಗಿ ಬನ್ನಿ.

4. ಪ್ರಯೋಗಾಲಯದ ಪರೀಕ್ಷೆ ಕೇಳಿ

ಖಚಿತ ಉತ್ತರ ಬೇಕೆಂದರೆ ಕಣಗಳನ್ನೇ ಹಿಡಿದು ಪರೀಕ್ಷಿಸಬೇಕು. ಪಂಪಿಗೆ ಅಚ್ಚ ಬಿಳಿಯ ಕ್ವಾರ್ಟ್ಜ್ ಫಿಲ್ಟರ್ ಹಾಕಿ 24 ಗಂಟೆ ಗಾಳಿ ಎಳೆಯುತ್ತಾರೆ. ಹೊರಗೆ ತೆಗೆದಾಗ ಅದು ಬೂದು ಬಣ್ಣಕ್ಕೆ ತಿರುಗಿರುತ್ತದೆ, ಹೊಗೆ ಜಾಸ್ತಿ ಇದ್ದರೆ ಕಪ್ಪಗೇ ಆಗಿರುತ್ತದೆ. ಅದರ ಒಂದು ಚೂರನ್ನು ಮೊದಲು ಹೀಲಿಯಂ ಅನಿಲದಲ್ಲಿ ಕಾಯಿಸಿದರೆ ಸಾವಯವ ಇಂಗಾಲ ಬಿಡುತ್ತದೆ. ಆಮೇಲೆ ಆಮ್ಲಜನಕ ಸೇರಿಸಿ ಕಾಯಿಸಿದರೆ ಕಪ್ಪು ಮಸಿ ಉರಿದುಹೋಗುತ್ತದೆ. ಯಾವುದು ಎಷ್ಟು ಎಂಬುದು ಹೀಗೆ ಸಿಗುತ್ತದೆ. ಅದೇ ಫಿಲ್ಟರಿನಲ್ಲಿ ಲೆವೊಗ್ಲುಕೋಸಾನ್ ಎಂಬ ಸಕ್ಕರೆ ಜಾತಿಯ ವಸ್ತು ಸಿಕ್ಕರೆ ಸೌದೆ, ಎಲೆ, ಕಾಗದದಂಥದ್ದು ಸುಟ್ಟಿರುವುದು ಖಾತ್ರಿ. ಡೀಸೆಲ್ಲಿನಿಂದ ಅದು ಹುಟ್ಟುವುದಿಲ್ಲ.

ಇದು ಮನೆಯಲ್ಲಿ ಆಗುವ ಕೆಲಸವಲ್ಲ. ಬೆಂಗಳೂರು ಕೇಂದ್ರ ಸರ್ಕಾರದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿರುವ ಊರು. ಹಾಗಾಗಿ ಹೊಗೆಯ ಮೂಲ ಹುಡುಕಿಕೊಡಿ ಎಂದು ಕೇಳುವುದು ನಮ್ಮ ಹಕ್ಕು.

5. ದೂರು ಬರೆಯುವಾಗ

‘ತುಂಬಾ ಹೊಗೆ’ ಎಂದಷ್ಟೇ ಬರೆಯಬೇಡಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕೊಡುವ ಅರ್ಜಿಯಲ್ಲಿ ದಿನಾಂಕ, ಗಂಟೆ, ಪಿಎಂ 2.5ರ ಅಂಕಿ, ಜೊತೆಗೆ ಏರಿದ ಅನಿಲ, ಗಾಳಿಯ ದಿಕ್ಕು ಬರೆಯಿರಿ. ಹೊಗೆಯ ಫೋಟೊ ಲಗತ್ತಿಸಿ. ಕಸ ಸುಡುವುದಾದರೆ ನಗರ ಪಾಲಿಕೆಗೂ ಒಂದು ಪ್ರತಿ ಕೊಡಿ. ಎರಡೂ ಕಡೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಬನ್ನಿ.