ಚಿತ್ರದುರ್ಗದಲ್ಲಿ ಕೂತು ವಿಮಾನದ ರೇಡಾರ್ ಓದಿದ್ದು

"ಘಟ್ಟ ಮೋಡಾನ ತಡೀತದೆ, ಅದಕ್ಕೇ ನಮ್ಗೆ ಮಳೆ ಇಲ್ಲ." ನಮ್ಮ ಕಡೆ ಯಾರನ್ನು ಕೇಳಿದರೂ ಇದೇ ಉತ್ತರ. ಆದರೆ ಆಷಾಢದಲ್ಲಿ ಜೋಗಿಮಟ್ಟಿ ಹತ್ತಿ ನಿಂತರೆ ಮೋಡ ಮೈ ಸವರಿಕೊಂಡೇ ಪೂರ್ವಕ್ಕೆ ಓಡುತ್ತದೆ. ಘಟ್ಟ ತಡೆದಿದ್ದರೆ ಇದು ಎಲ್ಲಿಂದ ಬಂತು? ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ನನಗೆ ಈ ಪ್ರಶ್ನೆಯೇ ಸಾಕಾಯಿತು.

ನೆಲದ ಮೇಲಿನ ರೇಡಾರ್‌ಗೆ ಬೆಟ್ಟವೇ ಅಡ್ಡ. ಅದರ ಬೆನ್ನಿಗೆ ಏನು ನಡೆದಿದೆ ಎಂದು ಕಾಣಬೇಕಾದರೆ ಮೇಲಿನಿಂದ ಇಣುಕಬೇಕು. 2015ರ ಕೊನೆಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ಬೆಟ್ಟಗಳ ಮೇಲೆ ನಾಸಾ ನಡೆಸಿದ ಒಲಿಂಪೆಕ್ಸ್ ಪ್ರಯೋಗದಲ್ಲಿ ಡಿಸಿ-8 ವಿಮಾನ ಎಪಿಆರ್-3 ಎಂಬ ರೇಡಾರ್ ಹೊತ್ತು ಬಿರುಮಳೆಯ ಮೇಲೆ ಹಾರಿತು. ಆ ದತ್ತಾಂಶ ಪುಕ್ಕಟೆ ಸಿಗುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಂದರೆ ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲೇ ಬಿಡಿಸಬಹುದು. ಈ ಜಾಗ ಆರಿಸಿದ್ದಕ್ಕೆ ಕಾರಣವಿದೆ. ಅಲ್ಲಿ ಗಾಳಿಗೆ ಎದೆಯೊಡ್ಡಿದ ಇಳಿಜಾರಿಗೆ ವರ್ಷಕ್ಕೆ 3,000 ಮಿ.ಮೀ. ದಾಟಿದ ಮಳೆ, ಬೆನ್ನಿಗಿರುವ ಸೀಕ್ವಿಮ್ ಊರಿಗೆ ಸುಮಾರು 400. ಥೇಟ್ ಆಗುಂಬೆ–ಚಳ್ಳಕೆರೆ.

ಈ ರೇಡಾರ್ ಬಳಸುವ ಮೂರು ತರಂಗಾಂತರಗಳಲ್ಲಿ ನಾನು ನೆಚ್ಚಿದ್ದು ಎಲ್ಲಕ್ಕಿಂತ ಉದ್ದದ ಕೆಯು ಬ್ಯಾಂಡ್ ಅನ್ನು. 94 ಗಿಗಾಹರ್ಟ್ಸ್ ಆಸುಪಾಸಿನ ಡಬ್ಲ್ಯು ಬ್ಯಾಂಡ್ ತೆಳು ಮೋಡವನ್ನೂ ಚೆನ್ನಾಗಿ ಹಿಡಿಯುತ್ತದೆ, ಜೋರು ಮಳೆಯಲ್ಲಿ ಮಾತ್ರ ನೆಲ ಮುಟ್ಟುವ ಮೊದಲೇ ಸೊರಗುತ್ತದೆ. ಬಣ್ಣ ನೋಡಿ ಮೋಸಹೋಗಬಾರದು: ಪ್ರತಿಧ್ವನಿಯ ಬಲ ಅಳೆಯುವ ಮಾನ ಡಿಬಿಝಡ್. ಅದು 30ರಿಂದ 40ಕ್ಕೆ ಏರಿದರೆ, ಮಾರ್ಷಲ್–ಪಾಮರ್ ಸೂತ್ರದ ಪ್ರಕಾರ ಮಳೆ ಗಂಟೆಗೆ 2.7 ಮಿ.ಮೀ.ನಿಂದ 11.5ಕ್ಕೆ ಜಿಗಿಯುತ್ತದೆ. ನೆಲಕ್ಕೆ ಅಂಟಿದ ಕೆಲವು ನೂರು ಮೀಟರ್ ಬಿಟ್ಟುಬಿಡಿ. ಅಲ್ಲಿ ಕಾಣುವುದು ಬೆಟ್ಟದ್ದೇ ಪ್ರತಿಧ್ವನಿ.

ಹನಿ, ಹಿಮ ಎಷ್ಟು ವೇಗವಾಗಿ ಬೀಳುತ್ತಿವೆ ಎಂದು ಪ್ರತಿಧ್ವನಿಯಿಂದಲೇ ಅಳೆಯುವ ಡಾಪ್ಲರ್ ವೇಗದ ಕಥೆ ಬೇರೆ. ವಿಮಾನ ಸೆಕೆಂಡಿಗೆ 200 ಮೀಟರ್ ಓಡುವಾಗ ಕಿರಣ ಒಂದೇ ಒಂದು ಡಿಗ್ರಿ ಮುಂದಕ್ಕೆ ವಾಲಿದರೂ ಮೂರೂವರೆ ಮೀಟರ್ ಸುಳ್ಳು ವೇಗ ಸೇರುತ್ತದೆ. ಹಿಮದ ಹಳುಕು ಬೀಳುವುದೇ ಸೆಕೆಂಡಿಗೆ ಒಂದು ಮೀಟರಿನಷ್ಟು! ನೆಲದ ವೇಗ ಸೊನ್ನೆ ಬರುತ್ತಿದೆಯೇ ಎಂದು ನೋಡದೆ ಮುಂದೆ ಹೋಗುವಂತಿಲ್ಲ.

ಇಷ್ಟೆಲ್ಲ ಆದಮೇಲೆ, ಮೋಡವನ್ನು ಮೇಲಿಂದ ಕೆಳಕ್ಕೆ ಸೀಳಿದಂತೆ ತೋರುವ ಚಿತ್ರದಲ್ಲಿ ಹಿಮ ಕರಗುವ ಮಟ್ಟ ಹೊಳೆಯುವ ಪಟ್ಟಿಯಾಗಿ ಎದ್ದು ಕಾಣುತ್ತದೆ. ಪಟ್ಟಿಯ ಮೇಲೆ ಹಿಮ, ಕೆಳಗೆ ಹನಿ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲೇ. ಸೆಕೆಂಡಿಗೆ 15 ಮೀಟರ್ ಗಾಳಿಯಲ್ಲಿ ಹಿಮದ ಹಳುಕು ಎರಡು ಕಿಲೋಮೀಟರ್ ಇಳಿಯುವಷ್ಟರಲ್ಲಿ 30 ಕಿ.ಮೀ. ತೇಲಿರುತ್ತದೆ, ಶಿಖರ ದಾಟಿಯೇಬಿಡಬಹುದು. ಆರು ಮೀಟರ್ ವೇಗದಲ್ಲಿ ಬೀಳುವ ಹನಿ ಐದೇ ಕಿಲೋಮೀಟರಿನಲ್ಲಿ ನೆಲಕ್ಕೆ.

ಈಗ ನಮ್ಮ ಘಟ್ಟಕ್ಕೆ ಬನ್ನಿ. ಮುಂಗಾರಿನಲ್ಲಿ ಸೊನ್ನೆ ಡಿಗ್ರಿ ಮಟ್ಟ ಇರುವುದು ಐದು ಕಿಲೋಮೀಟರಿನ ಆಸುಪಾಸು. ಘಟ್ಟದ ಬಹುಪಾಲು ಮಳೆ ಅದಕ್ಕಿಂತ ಎಷ್ಟೋ ಕೆಳಗೆ, ಗಿಡ್ಡ ಮೋಡಗಳಲ್ಲೇ ಹನಿಗಟ್ಟುತ್ತದೆ. ತೇಲಿಸಲು ಹಿಮವಿಲ್ಲ. ದಪ್ಪ ಹನಿಯೆಲ್ಲ ಆಗುಂಬೆಯಲ್ಲೇ ಇಳಿದು, ಕೆಳಮುಖ ಗಾಳಿಗೆ ಒಣಗುತ್ತಾ ಬಂದ ಉಳಿಕೆ ಮೋಡ ನಮಗೆ ಸೋನೆಯಷ್ಟನ್ನೇ ಉದುರಿಸುತ್ತದೆ. ಘಟ್ಟ ಮೋಡವನ್ನು ತಡೆಯುತ್ತಿಲ್ಲ, ಹಿಂಡಿ ಕಳಿಸುತ್ತಿದೆ.

ಉತ್ತರೆ, ಹಸ್ತದ ಗುಡುಗುಮಳೆಗೆ ಈ ಲೆಕ್ಕ ಒಗ್ಗುವುದಿಲ್ಲ. ಅವು ಹತ್ತು ಕಿಲೋಮೀಟರ್ ದಾಟಿ ಬೆಳೆಯುವ ಮೋಡಗಳು. ಅವಕ್ಕೆ ಈಗ 2014ರಲ್ಲಿ ಹಾರಿದ, ಮಳೆ ಅಳೆಯುವ ಜಿಪಿಎಂ ಉಪಗ್ರಹದ ರೇಡಾರ್ ದತ್ತಾಂಶ ತೆರೆದುಕೊಂಡಿದ್ದೇನೆ. ಅದರಲ್ಲೂ ಕೆಯು ಬ್ಯಾಂಡ್ ಇರುವುದರಿಂದ ಬರೆದಿಟ್ಟ ಕೋಡ್‌ನ ಅರ್ಧಭಾಗ ಹಾಗೇ ನಡೆಯುತ್ತಿದೆ.