ಅಳದ ಕೂಸು ಅತ್ತ ದಿನ

ದತ್ತು ಹೋಗುವವರೆಗೆ ಕೂಸುಗಳನ್ನು ನೋಡಿಕೊಳ್ಳೋ ನಮ್ಮ ಶಿಶುಗೃಹದಲ್ಲಿ ಹನ್ನೆರಡು ಕೂಸು, ಎಂಟು ಜನ ಆಯಾಗಳು, ಮೂರು ಪಾಳಿ. ಇಷ್ಟರಲ್ಲೇ ಪ್ರತಿ ಕೂಸಿಗೂ ತನ್ನವರು ಅಂತ ಒಬ್ಬರು ಇರಬೇಕು ಎಂದು ನಾನು ಹೇಳಿದಾಗ ಆಡಳಿತದವರು ಆಗದ ಮಾತು ಅಂದರು. ಹತ್ತಿರ ಹತ್ತಿರ ಎರಡು ವರ್ಷವಾಯಿತು, ಚೆನ್ನಾಗೇ ನಡೆಯುತ್ತಿದೆ.

ಮೊದಲು ಎಡವಿದ್ದು ತರಬೇತಿಯಲ್ಲಿ. ಹೊರಗಿನವರನ್ನು ಕರೆಸಿ ಎರಡು ದಿನ ಪಾಠ ಮಾಡಿಸಿದೆ, ಒಬ್ಬ ಆಯಾ ಅವರ ಎರಡು ತಿಂಗಳ ಸಂಬಳದಷ್ಟು ದುಡ್ಡು ಹೋಯಿತು. ಎಲ್ಲರೂ ತಲೆಯಾಡಿಸಿದರು, ಮಾರನೇ ದಿನ ಮತ್ತೆ ಅದೇ ರೂಢಿ. ಆಮೇಲೆ ಸುಮ್ನೆ ರಾತ್ರಿ ಪಾಳಿಯಲ್ಲಿ ಅವರ ಜೊತೆ ಕೂತೆ. ಪ್ರೀತಿಗೇನೂ ಕೊರತೆ ಇರಲಿಲ್ಲ. "ಹಚ್ಚಿಕೊಂಡರೆ ಕಳಿಸುವಾಗ ಕರುಳು ಕಿತ್ತು ಬರುತ್ತೆ ಮೇಡಂ" ಅಂದರು. ಹಾಗಾಗಿ ಬೇಕಂತಲೇ ದೂರ ಇರುತ್ತಿದ್ದರು. ಅವರ ಲೆಕ್ಕದಲ್ಲಿ ಅಳದ ಮಗು ಒಳ್ಳೆ ಮಗು, ಯಾರು ಬಂದರೂ ಕೈ ಚಾಚೋ ಮಗು ಜಾಣ ಮಗು. ವರ್ಷ ತುಂಬುತ್ತಾ ಬಂದರೂ ಹೊಸಬರಿಗೆ ಬೆಚ್ಚದ ಕೂಸನ್ನು ಕಂಡರೆ, ಇದು ಯಾರನ್ನೂ ತನ್ನವರು ಅಂತ ಹಚ್ಚಿಕೊಂಡಿಲ್ಲವೇನೋ ಅಂತ ನಮಗೆ ಎದೆ ಧಸಕ್ ಅನ್ನುತ್ತೆ ಅಲ್ವಾ, ಅವರಿಗೆ ಅದೇ ಸಮಾಧಾನ.

ವಾರಕ್ಕೊಮ್ಮೆ ಪಾಳಿ ಬದಲಿಸೋದು ನಿಲ್ಲಿಸಿದೆ. ಸ್ನಾನ, ಹಾಲು, ಮಲಗಿಸೋದು ಆದಷ್ಟೂ ಆ ಒಬ್ಬರದೇ. ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಮಕ್ಕಳ ವೈದ್ಯೆ ಎಮ್ಮಿ ಪಿಕ್ಲರ್ 1946ರಲ್ಲಿ ಶುರು ಮಾಡಿದ ಶಿಶುಗೃಹದ ದಾರಿಯೂ ಹೆಚ್ಚುಕಡಿಮೆ ಇದೇ. ಆದರೆ ನಾನು ವಾರದ ರಜೆಯ ಲೆಕ್ಕ ಹಾಕಿರಲಿಲ್ಲ. ತಮ್ಮವರು ರಜೆ ಇದ್ದ ದಿನ ಮೂರು ಕೂಸು ಸರಿಯಾಗಿ ಹಾಲೇ ಕುಡಿಯಲಿಲ್ಲ. ಅದಕ್ಕೇ ಪ್ರತಿ ಕೂಸಿಗೂ ಎರಡನೆಯವರು ಅಂತ ಇನ್ನೊಬ್ಬ ಆಯಾ. ಅವರು ಎರಡು ವಾರ ಮೊದಲನೆಯವರ ಪಕ್ಕದಲ್ಲೇ ಕೂತು ಪಳಗಬೇಕು. ಖಾಯಂ ರಾತ್ರಿ ಪಾಳಿಗೆ ಒಪ್ಪಿದವರಿಗೆ ಭತ್ಯೆ ಬೇಕಾಯಿತು, ಆಟಿಕೆಗೆ ಇಟ್ಟ ದುಡ್ಡಿನಲ್ಲಿ ಮುಕ್ಕಾಲು ಪಾಲು ತೆಗೆದುಕೊಟ್ಟೆ.

ನಡುವೆ ಇನ್ನೊಂದು ನೋಡಿದೆ. ರಜೆಯ ದಿನ ಎರಡನೆಯವರು ಮೊದಲನೆಯವರ ಒಗೆಯದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಎತ್ತಿಕೊಂಡರು. ಐದರಲ್ಲಿ ಎರಡು ಕೂಸು ಬೇಗ ಸುಮ್ಮನಾದವು. ಮಲಗುವಾಗ ಬಟ್ಟೆ ಹತ್ತಿರ ಇಡಬೇಡಿ. ಯಾವ ಕೂಸಿಗೆ ಯಾರು ಅಂತ ಆರಿಸೋ ಬಗೆ ಮಾತ್ರ ಇಲ್ಲಿ ಬರೆಯಲ್ಲ, ಬಂದರೆ ತೋರಿಸುತ್ತೇನೆ.

ಮೂರು ತಿಂಗಳಾಗಿತ್ತೇನೋ. ಸದ್ದಿಲ್ಲದೆ ಮೈ ತೂಗುತ್ತಾ ಕೂರುತ್ತಿದ್ದ ಹತ್ತು ತಿಂಗಳ ಹುಡುಗಿ, ಪಾಳಿ ಮುಗಿಸಿ ಹೊರಟ ಆಯಾ ಅವರನ್ನು ಬಿಡದೆ ಕಿರುಚಿ ಅತ್ತಳು. "ಮಗೂನ ಕೆಡಿಸಿಬಿಟ್ಟೆ ಮೇಡಂ" ಅಂತ ಅವರಿಗೂ ಅಳು. ಎತ್ತಿಕೊಳ್ಳಿ ಅಂದೆ. ಎರಡೇ ನಿಮಿಷ, ಹೆಗಲ ಮೇಲೆ ಸುಮ್ಮನಾದಳು. "ನೋಡಿದ್ರಾ, ಯಾರ ಹತ್ತಿರ ಹೋಗಬೇಕು ಅಂತ ಈಗ ಗೊತ್ತು ಅವಳಿಗೆ" ಅಂದೆ.

ಆ ಹುಡುಗಿ ದತ್ತು ಹೋದಾಗ ಆಯಾ ಎರಡು ವಾರ ಹೊಸ ಮನೆಗೆ ಹೋಗಿಬಂದರು. ಕೊನೆಕೊನೆಗೆ ಹೊಸ ಅಮ್ಮ ಎದ್ದು ಒಳಗೆ ಹೋದರೂ ಅವಳು ಅಳುತ್ತಿದ್ದಳಂತೆ. ಅದನ್ನು ನನಗೆ ಹೇಳೋಕೆ ಅಂತಲೇ ಆಯಾ ರಜೆಯ ದಿನ ಫೋನ್ ಮಾಡಿದ್ದರು.