ಜೀನು ಹೊರುವ ಮೊದಲು ಬೆನ್ನು ಬಲಿಯಲಿ

ಮೂರು ವರ್ಷದ ಕುದುರೆ ನೋಡಲು ಪೂರ್ತಿ ಬೆಳೆದಂತೆಯೇ ಕಾಣುತ್ತದೆ. ಎತ್ತರ ಬಂದಿರುತ್ತದೆ, ಕತ್ತು ತುಂಬಿರುತ್ತದೆ, ಮನೆಯ ಹುಡುಗರಿಗೆ ಹತ್ತುವ ಆತುರ. ಆದರೆ ಕುದುರೆಯ ಮೂಳೆಗಳು ಕೆಳಗಿನಿಂದ ಮೇಲಕ್ಕೆ ಬಲಿಯುತ್ತವೆ: ಗೊರಸಿನ ಹತ್ತಿರದವು ಮೊದಲು, ಮುಂಗಾಲಿನ ಮಂಡಿ ಸುಮಾರು ಎರಡೂವರೆ ವರ್ಷಕ್ಕೆ, ಬೆನ್ನುಮೂಳೆ ಎಲ್ಲಕ್ಕಿಂತ ಕೊನೆಗೆ, ಐದಾರು ವರ್ಷಕ್ಕೆ. ನಾವು ಕೂರುವುದು ಆ ಕೊನೆಯದರ ಮೇಲೆ.

ಅಲ್ಲದೆ ಕುದುರೆಗೆ ನಮ್ಮಂತೆ ಭುಜವನ್ನು ಎದೆಗೂಡಿಗೆ ಕೂಡಿಸುವ ಕೊರಳೆಲುಬು (ಕಾಲರ್ ಬೋನ್) ಇಲ್ಲ. ಎದೆಗೂಡು ಎರಡು ಮುಂಗಾಲುಗಳ ನಡುವೆ ಸ್ನಾಯುಗಳಲ್ಲೇ ತೊಟ್ಟಿಲಿನಂತೆ ತೂಗುತ್ತಿರುತ್ತದೆ. ಹಗ್ಗ ಸಡಿಲವಿರುವ ತೊಟ್ಟಿಲಿಗೆ ಭಾರ ಹೇರಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ರೇಸಿನ ಕುದುರೆಗಳು ಎರಡು ವರ್ಷಕ್ಕೇ ಜಾಕಿಯನ್ನು ಹೊರುತ್ತವಲ್ಲ ಎಂದು ಕೇಳುವವರಿದ್ದಾರೆ. ಅದು ಬೇರೆ ಲೋಕ, ಬೇರೆ ಲೆಕ್ಕ. ಮಾರ್ವಾಡಿ, ಕಾಠಿಯಾವಾಡಿ ತಳಿಯ ಮರಿಯನ್ನು ತೋಟದಲ್ಲಿ ಪ್ರೀತಿಯಿಂದ ಸಾಕಿಕೊಂಡವರಿಗೆ ಅಂಥ ಅವಸರವೇನಿದೆ?

ಮೂಳೆಗೆ ಅವಸರ ಮಾಡಲಾಗದು, ಆದರೆ ಹತ್ತುವ ಮೊದಲು ಬೆನ್ನಿನ ಸ್ನಾಯುಗಳನ್ನು ಕಸರತ್ತಿನಿಂದ ಬಲಪಡಿಸಬಹುದು. ಅದರ ಆರಂಭ ಬರೀ ನಡಿಗೆಯಿಂದ. ಮುಖಕ್ಕೆ ಕಟ್ಟುವ ಹಾಲ್ಟರ್ ಪಟ್ಟಿ ಹಾಕಿ, ಭುಜದ ಪಕ್ಕದಲ್ಲಿ ನಿಂತು, ಗಟ್ಟಿ ನೆಲದ ಮೇಲೆ ದಿನಕ್ಕೆ ಇಪ್ಪತ್ತು ನಿಮಿಷ ನೇರವಾಗಿ ನಡೆಸಿ. ಎಡಗಡೆಯಿಂದ ಮಾತ್ರ ಹಿಡಿಯುವ ರೂಢಿ ನಮ್ಮಲ್ಲಿದೆ. ಒಂದು ದಿನ ಎಡದಿಂದ, ಮರುದಿನ ಬಲದಿಂದ ಹಿಡಿಯಿರಿ, ಇಲ್ಲದಿದ್ದರೆ ಕುದುರೆ ಒಂದೇ ಕಡೆಗೆ ಬಾಗುವುದನ್ನು ಕಲಿಯುತ್ತದೆ. ಎರಡು ವಾರದ ಮೇಲೆ ಸಣ್ಣ ಏರು ಇಳಿಜಾರು ಸೇರಿಸಿ. ಇಳಿಯುವಾಗ ನಿಧಾನಿಸಿ, ಏರುವುದಕ್ಕಿಂತ ಇಳಿಯುವುದೇ ಕಷ್ಟದ ಕೆಲಸ.

ನಡುನಡುವೆ ನಿಲ್ಲಿಸಿ, ಮೂರು ಹೆಜ್ಜೆ ಹಿಂದಕ್ಕೆ ನಡೆಸಿ. ಇಲ್ಲಿ ನಿಮ್ಮ ಕಣ್ಣು ಕುದುರೆಯ ತಲೆಯ ಮೇಲಿರಲಿ. ತಲೆ ತಗ್ಗಿದ್ದು, ಒಂದು ಬದಿಯ ಮುಂಗಾಲು ಇನ್ನೊಂದು ಬದಿಯ ಹಿಂಗಾಲಿನ ಜೊತೆ ಜೋಡಿಯಾಗಿ ಎದ್ದರೆ ಹೊಟ್ಟೆಯ ಸ್ನಾಯು ಕೆಲಸ ಮಾಡುತ್ತಿದೆ, ಬೆನ್ನು ಮೇಲೇಳುತ್ತಿದೆ. ತಲೆ ಎತ್ತಿ, ಗೊರಸನ್ನು ಮಣ್ಣಿನಲ್ಲಿ ಎಳೆದರೆ ಬೆನ್ನು ಕುಸಿದಿದೆ ಎಂದರ್ಥ; ಅಲ್ಲಿಗೇ ಬಿಡಿ, ಹಗ್ಗ ಜಗ್ಗಬೇಡಿ.

ಮುಂದಿನದು ಗಳಗಳನ್ನು ದಾಟಿಸುವುದು. ಸರ್ವೆ ಅಥವಾ ನೀಲಗಿರಿ ಗಳ ಸಾಕು. ಬಿದಿರು ಬೇಡ, ಉರುಳುತ್ತದೆ, ತುಳಿದರೆ ಸೀಳುತ್ತದೆ. ಎರಡೂ ತುದಿಗೆ ಮರಳಿನ ಚೀಲ ಇಡಿ. ಮೊದಲು ಒಂದೇ ಗಳ, ಆಮೇಲೆ ಮೂರು. ನಡಿಗೆಗೆ ಗಳಗಳ ನಡುವೆ 80ರಿಂದ 90 ಸೆಂಟಿಮೀಟರ್, ಟ್ರಾಟ್ ಎಂಬ ನಿಧಾನ ಓಟಕ್ಕೆ 1.2ರಿಂದ 1.4 ಮೀಟರ್ ಅಂತರ. ಗೊರಸು ಮರಕ್ಕೆ ಬಡಿಯುವ ಸದ್ದು ಮತ್ತೆ ಮತ್ತೆ ಕೇಳಿದರೆ ಒಂದೋ ಅಂತರ ತಪ್ಪಿದೆ, ಇಲ್ಲವೇ ಕುದುರೆ ದಣಿದಿದೆ.

ಕೆಲಸ ಮುಗಿದು ಮೈ ಬಿಸಿಯಿರುವಾಗ ಕ್ಯಾರೆಟ್ ತೆಗೆಯಿರಿ. ಗದ್ದ ಎರಡು ಮುಂಗಾಲುಗಳ ನಡುವೆ, ಆಮೇಲೆ ಪಕ್ಕೆಯ ಹತ್ತಿರ, ಆಮೇಲೆ ಸೊಂಟದವರೆಗೆ ಬರುವಂತೆ ಆಸೆ ತೋರಿಸಿ. ಪ್ರತಿ ಸಲ ನಾಲ್ಕೈದು ಸೆಕೆಂಡ್ ತಡೆದು ಕೊಡಿ. ಎರಡೂ ಕಡೆ ಐದೈದು ಸಲ, ವಾರಕ್ಕೆ ಐದು ದಿನ. ಮೂರು ತಿಂಗಳು ಇದನ್ನು ಮಾಡಿಸಿದ ಕುದುರೆಗಳಲ್ಲಿ ಬೆನ್ನುಮೂಳೆಗೆ ಅಂಟಿದ ಆಳದ ಸ್ನಾಯು ದಪ್ಪವಾದದ್ದನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆದು ನೋಡಿದ್ದಾರೆ. ಕುದುರೆಯೇನೂ ಪೆದ್ದು ಪ್ರಾಣಿಯಲ್ಲ. ಕತ್ತು ಬಗ್ಗಿಸುವ ಬದಲು ಇಡೀ ಮೈ ತಿರುಗಿಸಿ ಕ್ಯಾರೆಟ್ ಹತ್ತಿರ ಬಂದುಬಿಡುತ್ತದೆ. ಗೋಡೆಯ ಪಕ್ಕ ನಿಲ್ಲಿಸಿದರೆ ಆ ಆಟ ನಡೆಯುವುದಿಲ್ಲ.

ಉದ್ದ ಹಗ್ಗ ಕಟ್ಟಿ ಸುತ್ತು ಹೊಡೆಸುವ ಲಂಜಿಂಗ್ ಬಗ್ಗೆ ನನಗೆ ತಕರಾರಿದೆ. ಅರ್ಧ ಗಂಟೆ ಗರಗರ ತಿರುಗಿಸಿದರೆ ಕುದುರೆ ಸುಸ್ತಾಗುತ್ತದೆ. ಸುಸ್ತನ್ನೇ ಶಕ್ತಿಯೆಂದು ನಂಬುವವರು ಬಹಳ. ಚಿಕ್ಕ ವೃತ್ತದಲ್ಲಿ ಎಳೆಯ ಕೀಲುಗಳು ಓರೆಯಾಗಿ ತಿರುಚಿಕೊಳ್ಳುತ್ತವೆ. ಮಾಡಿಸಲೇಬೇಕೆಂದರೆ ವೃತ್ತದ ವ್ಯಾಸ 20 ಮೀಟರ್ ಇರಲಿ, ದಿಕ್ಕು ಬದಲಿಸುತ್ತಾ ಹತ್ತು ನಿಮಿಷ, ವಾರಕ್ಕೆರಡು ದಿನ ಸಾಕು. ಅದಕ್ಕಿಂತ ಎರಡು ಉದ್ದ ಲಗಾಮು ಹಿಡಿದು ಹಿಂದೆ ನಡೆಯುತ್ತಾ ತೋಟದ ದಾರಿಯಲ್ಲಿ ಓಡಾಡಿಸುವುದು ಎಷ್ಟೋ ಮೇಲು. ಒದೆತ ತಾಗದಷ್ಟು ದೂರದಲ್ಲಿರಿ.

ಎರಡು ಮೂರು ತಿಂಗಳಾದ ಮೇಲೆ ಬೆನ್ನುಮೂಳೆಯ ಎರಡೂ ಬದಿಗೆ ಅಂಗೈ ಒತ್ತಿ ನೋಡಿ. ಮೊದಲು ಹಳ್ಳವಿದ್ದ ಕಡೆ ಕೈ ತುಂಬುವಷ್ಟು ಮಾಂಸ ಬಂದಿರಬೇಕು. ಒತ್ತಿದಾಗ ಚರ್ಮ ನಡುಗಬಾರದು, ಕಿವಿ ಹಿಂದಕ್ಕೆ ಹೋಗಬಾರದು. ಹೋದರೆ ಪಶುವೈದ್ಯರಿಗೆ ತೋರಿಸಿ. ಎಲ್ಲ ಸರಿಯಿದ್ದರೆ ಜೀನು ಕಟ್ಟಿ, ಖಾಲಿಯಾಗಿಯೇ ಒಂದು ವಾರ ನಡೆಸಿ. ಸವಾರ ಕಾಲಿಡುವ ರಿಕಾಪು ಹೊಟ್ಟೆಗೆ ತಟ್ಟಿದಾಗಲೂ ತಲೆ ತಗ್ಗಿಸಿ ಗಳ ದಾಟುವಂತಾದ ದಿನ, ಮನೆಯಲ್ಲಿ ಎಲ್ಲರಿಗಿಂತ ಹಗುರವಾದವರನ್ನು ಕರೆಯಿರಿ.